ಬಿಗಿದವನು ಗೆರೆ ಹಾಕಬಾರದು

ಆ ಬೂಟು ಮತ್ತೆ ಬಂತು, ಎಡಗಾಲಿನ ಹಿಮ್ಮಡಿ ಹೊರಬದಿಗೆ ಸವೆದ ಕಂದು ಬೂಟು, ಚಿಕ್ಕಂದಿನಿಂದಲೂ ಇವನು ಹಾಗೇ, ಕಾಲು ಎಳೆದುಕೊಂಡು ನಡೆಯುವುದು, ಹೊಸ ಚಪ್ಪಲಿ ತಂದ ಮೂರೇ ತಿಂಗಳಿಗೆ ಒಂದು ಕಡೆ ಕಾಗದದ ಹಾಗೆ ತೆಳ್ಳಗೆ, ಈಗ ಹಿಂದಿನ ಚಕ್ರ ಬಿಚ್ಚಿದ ಜಾಗದಲ್ಲಿ ಬಂದು ನಿಂತಿತು, ಬಗ್ಗಲಿಲ್ಲ, ಬಗ್ಗಿ ನನ್ನ ಮುಖ ನೋಡುವುದಕ್ಕೆ ಇವನಿಗೆ ಮುಖ ಇರಬೇಕಲ್ಲ, ಮತ್ತೆ ಆ ಕಡೆಗೆ ಹೊರಟಿತು — ಸುತ್ತಪ್ಪ, ಗಾಣದೆತ್ತಿನ ಹಾಗೆ ಸುತ್ತು, ಆರು ವರ್ಷ ಈ ಷೆಡ್ಡಿನ ಕಡೆ ತಲೆ ಹಾಕಿಯೂ ಮಲಗದವನು ಇವತ್ತು ಬೆಳಗಿನಿಂದ ಇಲ್ಲೇ ಸುತ್ತುತ್ತಿದ್ದಾನೆ, ನಾನು ಅವನ ಗಾಡಿಯ ಕೆಳಗೆ ಅಂಗಾತ ಬಿದ್ದಿದ್ದೇನೆ, ಬೆನ್ನಿನಡಿ ರಟ್ಟು, ರಟ್ಟಿನಡಿ ತಣ್ಣನೆಯ ಸಿಮೆಂಟು, ಮೇಲಿಂದ ಕಣ್ಣಿಗೆ ಉದುರುವ ಮಣ್ಣು, ಇವನ ಗಾಡಿಯ ಮಣ್ಣೂ ಇವನ ಹಾಗೇ, ಸದ್ದಿಲ್ಲದೆ ಬಂದು ಸರಿಯಾಗಿ ಕಣ್ಣಿಗೇ ಬೀಳುವುದು. ನನ್ನ ತಮ್ಮ. ಒಡಹುಟ್ಟಿದವನು. ಪಿಕಪ್ಪು ತಗೊಂಡು ಬಾಡಿಗೆ ಹೊಡೆಯುತ್ತಾನಂತೆ, ಈಗ ಟೈಲ್ಸ್ ಅಂಗಡಿಯವರು ಪೂರಾ ಲೋಡು ಇವನಿಗೇ ಕೊಡುತ್ತಾರಂತೆ, ಟೈಲ್ಸ್ ಪೆಟ್ಟಿಗೆ ಪೇರಿಸಿದರೆ ಗಾಡಿಯ ಹಿಂಭಾಗ ಕುಸಿದು ಮೂತಿ ಆಕಾಶ ನೋಡುತ್ತದಂತೆ, ಹೆಡ್‌ಲೈಟು ಮರದ ಮೇಲಿನ ಕಾಗೆಗೆ ದಾರಿ ತೋರಿಸುತ್ತದಂತೆ, ಅದಕ್ಕೇ ಹಿಂದೆ ಭಾರ ಹೊರುವ ಎರಡೂ ಕಮಾನು ಗಟ್ಟಿ ಮಾಡಿಸಬೇಕಂತೆ. ಇದೆಲ್ಲ ಅವನು ನನಗೆ ಹೇಳಿದ್ದಲ್ಲ, ಮಾರು ದೂರದಲ್ಲಿ ನಾನು ನಿಂತಿದ್ದರೂ ಅಪ್ಪನ ಕಡೆ ಮುಖ ಮಾಡಿ ಹೇಳಿದ್ದು, ಅಪ್ಪ ಅದನ್ನೇ ನನ್ನ ಕಡೆ ತಿರುಗಿ ಇನ್ನೊಂದು ಸಲ ಹೇಳಿದ, ಒಂದೊಂದು ಕಮಾನಿಗೆ ಐದು ಪಟ್ಟಿ ಇದೆಯಂತೆ, ಏಳು ಮಾಡ್ಬೇಕಂತೆ — ನನಗೇನು ಕಿವಿ ಇಲ್ಲವೇ, ನಾನೇನು ಗೋಡೆಯೇ.

ಏಳು ಮಾಡಿದ್ದಾಯಿತು. ಐದು ಹಳೆಯ ಪಟ್ಟಿ ಬಿಚ್ಚಿ, ತುಕ್ಕು ಉಜ್ಜಿ, ನಡುವೆ ಎರಡು ಹೊಸ ಪಟ್ಟಿ ಸೇರಿಸಿ, ಉದ್ದದ ಸೆಂಟರ್ ಬೋಲ್ಟು ಹಾಕಿ ಒತ್ತಿ ಕಟ್ಟಿದೆ, ಪಟ್ಟಿ ಕಟ್ಟಿದ ಕಮಾನನ್ನು ಎದೆಯ ಮೇಲೆ ಎಳೆದುಕೊಂಡು ಮೇಲೆತ್ತಿದೆ, ಯಾರೂ ಕೈ ಕೊಡಲಿಲ್ಲ, ಕೇಳಲೂ ಇಲ್ಲ, ಕೇಳಿದರೆ ಬರುತ್ತಿದ್ದನೇನೋ, ಆದರೆ ಕೇಳುವ ಬಾಯಿ ನನ್ನದಲ್ಲ. ಸೆಂಟರ್ ಬೋಲ್ಟಿನ ತಲೆ ಆಕ್ಸಲ್ಲಿನ ಗುಳಿಯಲ್ಲಿ ಟಕ್ಕೆಂದು ಕೂತಿತು. ಈಗ ಕಮಾನನ್ನು ಆಕ್ಸಲ್ಲಿಗೆ ಬಿಗಿದು ಹಿಡಿಯುವ ಯು ಬೋಲ್ಟು, ಹೊಸತು, ಹಳೆಯದನ್ನು ಮತ್ತೆ ಹಾಕಬಾರದು, ಒಮ್ಮೆ ಎಳೆಸಿಕೊಂಡ ಬೋಲ್ಟು ಎರಡನೇ ಸಲ ಮಾತು ಕೇಳುವುದಿಲ್ಲ, ಒಂದು ಕಡೆಗೆ ಎರಡು ಬೋಲ್ಟು ನಾಲ್ಕು ನಟ್ಟು, ಎರಡು ಕಡೆ ಸೇರಿ ಎಂಟು, ಮೂಲೆಯಿಂದ ಮೂಲೆಗೆ ಸ್ವಲ್ಪಸ್ವಲ್ಪವೇ ತಿರುಗಿಸುತ್ತಿದ್ದೇನೆ, ಮತ್ತು ನಟ್ಟಿಗೆ ಹಾಕಿದ ಪಾನ ತಿರುಗಿಸುವ ಪ್ರತಿ ಸಲವೂ ಕತ್ತು ವಾಲಿಸಿದರೆ ಬಾಗಿಲ ಕಡೆ ಅದೇ ಕಾಣುತ್ತದೆ, ಕಬ್ಬಿಣದ ಕುರ್ಚಿಯ ನಾಲ್ಕು ಕಾಲು, ಅಪ್ಪನ ಎರಡು ಕಾಲು, ಮಧ್ಯೆ ನೀಲಿ ಚೀಲ. ಎರಡು ಅಂಗಿ, ಟವೆಲ್ಲು, ಮಾತ್ರೆ ಡಬ್ಬಿ. ನನ್ನ ಹೆಂಡತಿಯೇ ತುಂಬಿಕೊಟ್ಟಳು, ಅಂಗಿಗೆ ಇಸ್ತ್ರಿ ಬೇರೆ, ಹೋಗುವವರಿಗೆ ಇಸ್ತ್ರಿ ಯಾಕೆ ಅಂದರೆ ನೀವು ಸುಮ್ನಿರಿ ಅಂದಳು. ಆರು ವರ್ಷ ಅಪ್ಪನ ಬಲಗೈ ಯಾರಾಗಿದ್ದರು, ಅಂಗಿಯ ಗುಂಡಿ ಹಾಕಿದ್ದು ನಾನು, ಗಡ್ಡ ಕೆರೆದದ್ದು ನಾನು, ಉಗುರು ಕತ್ತರಿಸಿದ್ದು ನಾನು, ಅನ್ನ ಕಲಸಿ ಎಡಗೈಗೆ ಚಮಚ ಕೊಟ್ಟದ್ದು ಅವಳು, ಚಿಕ್ಕವನು ಏನು ಮಾಡಿದ, ತಿಂಗಳಿಗೊಮ್ಮೆ ರಸ್ತೆ ತುದಿಯಲ್ಲಿ ಗಾಡಿ ನಿಲ್ಲಿಸಿ ಅಪ್ಪನ್ನ ಕರೆಸಿಕೊಂಡು ಹಣ್ಣು ಕೊಟ್ಟ. ಸಾಕಿದವರು ನಾವು, ಹಣ್ಣು ಕೊಟ್ಟವನು ದೊಡ್ಡವನು. ಹೋದ ವಾರ ಊಟದ ಮಧ್ಯೆ ಅಪ್ಪ ತಟ್ಟೆ ನೋಡಿಕೊಂಡೇ ಹೇಳಿದ, ಇನ್ನು ಮೇಲೆ ಚಿಕ್ಕವನ ಮನೇಲಿ ಇರ್ತೀನಿ. ಯಾಕೆ. ಇರ್ಬೇಕು ಅನ್ನಿಸ್ತು. ಎಷ್ಟು ದಿನ. ನೋಡೋಣ. ಆಮೇಲೆ ಚಮಚ ಕೆಳಗಿಟ್ಟು, ಅವನ ಗಾಡಿಗೆ ಪಟ್ಟಿ ಹಾಕಿಸ್ಬೇಕಂತೆ, ನಾನು ಕೂರೋ ಗಾಡಿ ಅದು, ನೀನೇ ಬಿಗಿ.

ನೀನೇ ಬಿಗಿ. ಬೇರೆ ಯಾರಾದರೂ ಆಗಿದ್ದರೆ ನಂಬಿಕೆ ಅಂದುಕೊಳ್ಳುತ್ತಿದ್ದೆ, ಅಪ್ಪನ ಬಾಯಲ್ಲಿ ಬಂದಾಗ ಏನೆಂದು ಗೊತ್ತಾಗಲಿಲ್ಲ. ಇಬ್ಬರನ್ನೂ ಇದೇ ನೆಲದ ಮೇಲೆ ಮಲಗಿಸಿ ಕೆಲಸ ಕಲಿಸಿದವನು ಅವನು, ಅವನ ಷೆಡ್ಡಿಗೆ ಇದ್ದದ್ದು ಎರಡೇ ಕಾನೂನು. ಗಾಡಿ ಜಾಕಿನ ಮೇಲೆ ಗಾಳಿಯಲ್ಲಿದ್ದಾಗ ಅರ್ಧ ಬಿಗಿ, ನೆಲಕ್ಕಿಳಿಸಿ ಭಾರ ಬಿದ್ದ ಮೇಲೆ ಪೂರ್ತಿ ಬಿಗಿ, ಅದು ಮೊದಲನೆಯದು. ಬಿಗಿದವನು ಗೆರೆ ಹಾಕಬಾರದು, ಅದು ಎರಡನೆಯದು. ಒಬ್ಬ ಬಿಗಿಯಬೇಕು, ಇನ್ನೊಬ್ಬ ತೆವಳಿಕೊಂಡು ಒಳಗೆ ಬಂದು ಎಂಟೂ ನಟ್ಟಿಗೆ ಪಾನ ಹಾಕಿ ಜಗ್ಗಿ ನೋಡಬೇಕು, ಜಪ್ಪಯ್ಯ ಅಂದರೂ ಅಲ್ಲಾಡದಿದ್ದರೆ ಆಗ ಹಳದಿ ಬಣ್ಣ ಅದ್ದಿ ನಟ್ಟಿನ ಮೇಲಿಂದ ಕೆಳಗಿನ ತಟ್ಟೆಯ ಮೇಲಕ್ಕೆ ಒಂದು ಗೆರೆ ಎಳೆಯಬೇಕು, ನಟ್ಟು ಕೂದಲೆಳೆಯಷ್ಟು ತಿರುಗಿದರೂ ಗೆರೆ ಮುರಿದು ಹೇಳಿಬಿಡುತ್ತದೆ. ನಾನು ಬಿಗಿಯುವವನು, ಅವನು ಗೆರೆಯವನು, ಹದಿನೆಂಟು ವರ್ಷ ಹಾಗೇ ನಡೆಯಿತು. ಒಂದು ಸಲ, ಮೀಸೆ ಚಿಗುರುವ ವಯಸ್ಸು, ಬಿಗಿದ ನಟ್ಟಿಗೆ ನಾನೇ ಗೆರೆ ಎಳೆದುಬಿಟ್ಟಿದ್ದೆ, ಅಪ್ಪ ಇಣುಕಿ ನೋಡಿದವನೇ ಸೀಮೆಎಣ್ಣೆ ಬಟ್ಟೆಯಿಂದ ಒರೆಸಿ ಹಾಕಿದ, ಇದು ನಿಂದೇ, ಎಡಚನ ಗೆರೆ ಎಡಕ್ಕೇ ವಾಲತ್ತೆ, ನನ್ನ ಹತ್ರ ನಡೆಯಲ್ಲ. ತಮ್ಮ ನಕ್ಕಿದ್ದ, ಅಂದಿನಿಂದ ಒಂದು ವರ್ಷ ನನ್ನನ್ನು ಎಡಚಣ್ಣ ಅಂತಲೇ ಕರೆದ, ಒದೆ ತಿಂದರೂ ಬಿಡಲಿಲ್ಲ. ಹಾಗೆ ನಗುತ್ತಿದ್ದವನೇ ಮುಂದೆ ಅಪ್ಪನ ಕೈ ತಿಂದದ್ದು. ಅವನೇ. ನೋಡದೆ ಗೆರೆ ಎಳೆದ, ನಾನು ಬಿಗಿದದ್ದು ಅರ್ಧ ಬಿಗಿ, ಇನ್ನರ್ಧ ಬಾಕಿ ಇದೆ ಅಂತ ನೋಡಬೇಕಾದವನು ಅವನು, ನೋಡುವುದೇ ಅವನ ಕೆಲಸ, ಅದನ್ನೇ ಆರು ವರ್ಷದಿಂದ ಹೇಳುತ್ತಿದ್ದೇನೆ, ಹೆಂಡತಿಗೆ ಹೇಳಿದ್ದೇನೆ, ಗಿರಾಕಿಗಳಿಗೆ ಹೇಳಿದ್ದೇನೆ, ಈ ಗೋಡೆಗೆ ಹೇಳಿದ್ದೇನೆ, ಕೋತಿ ತಾನು ತಿಂದು ಮೇಕೆಯ ಬಾಯಿಗೆ ಒರೆಸಿತಂತೆ — ಮೇಕೆ ನಾನು. ಮೇಕೆ ನಾನೇ ತಾನೆ.

ಸೋಡಾ ಅಂಗಡಿಯವನ ಗಾಡಿ ಅದು, ಆರು ವರ್ಷದ ಹಿಂದಿನ ಸಂಜೆ, ಅವನು ಹಾರನ್ನು ಒತ್ತಿ ಹಿಡಿದು ಕೂತಿದ್ದಾನೆ, ಆಯ್ತೇನ್ರೀ ಆಯ್ತೇನ್ರೀ, ಬಾಟಲಿಗಳು ಹಿಂದೆ ಕಿಣಿಕಿಣಿ, ಅಪ್ಪ ಕಟಿಂಗ್ ಅಂಗಡಿವರೆಗೆ ಅವನ ಜೊತೆ ಹೋಗ್ತೀನಿ ಅಂತ ಹತ್ತಿ ಕೂತಾಗಿದೆ, ಕಿಟಕಿಯ ಕಡೆ ಪೂರ್ತಿ ತಿರುಗಿ ಕೂತು ಬಲಗೈ ಹೊರಗೆ ಜೋತುಬಿಟ್ಟಿದ್ದಾನೆ, ಬೆರಳಲ್ಲಿ ಬಾಗಿಲ ತಗಡು ತಟ್ಟುತ್ತಿದ್ದಾನೆ, ಆ ಕೈ ಮುಟ್ಟಿದರೆ ಸಾಕು, ಯಾವ ನಟ್ಟು ಎಷ್ಟು ಬಿಗಿ ಅಂತ ಹೇಳುತ್ತಿತ್ತು. ರಸ್ತೆಯ ಮೂರನೇ ತಿರುವಿನಲ್ಲಿ, ಯು ಬೋಲ್ಟು ಸಡಿಲಿದ್ದುದಕ್ಕೆ, ಸೆಂಟರ್ ಬೋಲ್ಟು ತುಂಡಾಗಿ ಆಕ್ಸಲ್ಲು ಜಾರಿ ಗಾಡಿ ಅಪ್ಪ ಕೂತ ಮಗ್ಗುಲಿಗೆ ಮಗುಚಿತು, ನಾನು ಓಡಿದೆ, ರಸ್ತೆಯ ತುಂಬ ಗಾಜು, ನೊರೆ, ಬಾಗಿಲ ಕೆಳಗೆ ಕೈ. ತಮ್ಮ ಎದುರಿನಿಂದ ಓಡಿ ಬಂದ. ಎದುರಿನಿಂದ, ಪೇಟೆಯ ಕಡೆಯಿಂದ, ಜೇಬಿನಲ್ಲಿ ಕನ್ನಡಕದ ಡಬ್ಬಿ — ಈ ಪಾನ ಯಾಕೆ ಜಾರುತ್ತಿದೆ, ಕೈಯೆಲ್ಲ ಗ್ರೀಸು, ಒರೆಸಿಕೋ, ಮೂಲೆಯಿಂದ ಮೂಲೆಗೆ — ಆಸ್ಪತ್ರೆಯ ಮಂಚದಲ್ಲಿ ಅಪ್ಪ ಕಣ್ಣು ಬಿಟ್ಟವನೇ ಕೇಳಿದ್ದು ಕೈ ಎಲ್ಲಿ ಅಂತಲ್ಲ, ಗೆರೆ ಯಾರು ಹಾಕಿದ್ದು, ಅಂತ. ಅವನು, ಅಂದೆ. ಥಟ್ಟನೆ ಬಂತು ಬಾಯಿಗೆ, ಗೆರೆ ಯಾವತ್ತೂ ಅವನದೇ ಅಲ್ಲವೇ. ತಮ್ಮ ನನ್ನ ಮುಖವನ್ನೇ ನೋಡಿದ, ಬೈಯಲಿಲ್ಲ, ಇಲ್ಲ ಅನ್ನಲಿಲ್ಲ, ತಪ್ಪು ಮಾಡದವನು ಸುಮ್ಮನಿರುತ್ತಾನೆಯೇ, ಜೇಬಿಗೆ ಕೈ ಹಾಕಿ ಆ ಡಬ್ಬಿ ತೆಗೆದು ನನ್ನ ಅಂಗೈಯಲ್ಲಿ ಇಟ್ಟ, ನನ್ನ ಮಗಳ ಕನ್ನಡಕ, ರಿಪೇರಿಗೆ ಕೊಟ್ಟದ್ದು, ಮಧ್ಯಾಹ್ನ ನಾನೇ ಅವನಿಗೆ ಚೀಟಿ ಕೊಟ್ಟು ಹೋಗಿ ತಗೊಂಡು ಬಾ ಅಂದಿದ್ದೆ, ಇಟ್ಟವನೇ ಹೊರಟುಹೋದ, ಕಾಲು ಎಳೆದುಕೊಂಡು, ಆ ಉದ್ದದ ಓಣಿಯ ತುದಿಯವರೆಗೂ ಸದ್ದು. ಆ ಸದ್ದನ್ನು ದ್ವೇಷಿಸುತ್ತೇನೆ. ಮಧ್ಯಾಹ್ನ ಹೋದವನು. ಮಧ್ಯಾಹ್ನ ಹೋದವನು ಸಂಜೆ ಷೆಡ್ಡಿನಲ್ಲಿ ಹೇಗೆ — ಬಂದಿರಬಹುದು, ಮಧ್ಯೆ ಒಂದು ಸಲ ಬಂದು ಗೆರೆ ಎಳೆದು ಮತ್ತೆ ಹೋಗಿರಬಹುದು, ಇವನ ಬುದ್ಧಿ ಯಾರಿಗೆ ಗೊತ್ತು.

ಅರ್ಧ ಬಿಗಿ ಆಯಿತು. ಚಕ್ರ ಹಾಕಿದೆ, ಜಾಕು ಇಳಿಸಿದೆ, ಗಾಡಿ ಉಸಿರು ಬಿಟ್ಟು ನೆಲಕ್ಕೆ ಕೂತಿತು, ಕೂತರೂ ಹಿಂಭಾಗ ನಾಲ್ಕು ಬೆರಳು ಎತ್ತರ, ಸೊಕ್ಕು ಬಂದ ಹೋರಿಯ ಹಾಗೆ, ಲೋಡಿಲ್ಲದಿದ್ದರೆ ಎತ್ತಿ ಎತ್ತಿ ಹಾಕುತ್ತದೆ, ಅಪ್ಪನ ಸೊಂಟ ಇವನ ಮನೆ ಮುಟ್ಟುವಷ್ಟರಲ್ಲಿ ನುಚ್ಚುನೂರು, ಆಗ ತಿಳಿಯುತ್ತದೆ ಇಬ್ಬರಿಗೂ. ಮತ್ತೆ ಒಳಗೆ ತೆವಳಿದೆ. ಪಾನಕ್ಕೆ ಉದ್ದದ ಪೈಪು ತೊಡಿಸಿ ಎರಡು ಕಾಲನ್ನೂ ಚಕ್ರಕ್ಕೆ ಒದ್ದು ಜಗ್ಗಿದೆ, ಒಂದು, ಎರಡು, ಈ ಮೂರನೆಯದನ್ನು ಬಿಟ್ಟರೆ ಯಾರಿಗೆ ತಿಳಿಯುತ್ತದೆ, ಥೂ, ಎಂಥ ಮಾತು, ಅಪ್ಪ ಕೂರುವ ಗಾಡಿ, ಮೂರು, ನಾಲ್ಕು, ಆ ಕಡೆ ಹೋಗಿ ಐದು, ಆರು, ಏಳು, ಹಲ್ಲು ಕಚ್ಚಿ ಎಂಟು, ಇದಕ್ಕಿಂತ ಬಿಗಿ ಈ ಲೋಕದಲ್ಲಿಲ್ಲ. ಅವತ್ತೂ ಅರ್ಧ ಬಿಗಿದು ಜಾಕು ಇಳಿಸಿ ಒಳಗೆ ಬರಬೇಕಿತ್ತು. ಹಾರನ್ನು. ಹಾರನ್ನು ನಿಲ್ಲಲೇ ಇಲ್ಲ. ಜಾಕಿನ ಮೇಲಿರುವಾಗಲೇ ಒಂದು ಕೆಲಸ ಮುಗಿಸಿಬಿಡೋಣ, ಗೆರೆಯೊಂದು ಎಳೆದಿಟ್ಟರೆ ಆಯಿತು, ಇಳಿಸಿದ ಮೇಲೆ ಪೂರ್ತಿ ಬಿಗಿದುಬಿಟ್ಟರೆ ಯಾರು ಕೇಳುತ್ತಾರೆ — ಯಾರು ಅಂದುಕೊಂಡದ್ದು ಹಾಗೆ. ಗೆರೆ ಬಿದ್ದ ನಟ್ಟನ್ನು ಯಾರೂ ಮತ್ತೆ ಮುಟ್ಟುವುದಿಲ್ಲ. ಬಿಗಿದವನೂ ಮುಟ್ಟುವುದಿಲ್ಲ. ಇಳಿಸಿದ ಮೇಲೆ ಬಗ್ಗಿ ನೋಡಿದೆ, ಹಳದಿ ಕಂಡಿತು, ಸರಿ ಹೋಗಿ ಅಂದೆ. ನಜ್ಜುಗುಜ್ಜಾದ ಗಾಡಿಯನ್ನು ಎಳೆದು ತಂದು ಅಂಗಳದಲ್ಲಿ ಬಿಟ್ಟಿದ್ದರು, ಆಸ್ಪತ್ರೆಯಿಂದ ಬಂದ ದಿನವೇ ಅಪ್ಪ ಬ್ಯಾಂಡೇಜಿನ ಕೈ ಕುತ್ತಿಗೆಗೆ ಕಟ್ಟಿಕೊಂಡು ಅದರ ಪಕ್ಕ ಕುಕ್ಕರಗಾಲಲ್ಲಿ ಕೂತ, ನಟ್ಟು ಬೆರಳಲ್ಲೇ ತಿರುಗುವಷ್ಟು ಸಡಿಲ, ಮೇಲಿನ ಗೆರೆ ಮಾತ್ರ ಮುರಿದಿರಲಿಲ್ಲ, ಪೂರ್ತಿ ಬಿಗಿಯುವ ಮೊದಲೇ ಎಳೆದ ಗೆರೆ, ತುಂಬ ಹೊತ್ತು ನೋಡಿದ, ಎದ್ದು ಹೋಗಿ ಬಣ್ಣದ ಡಬ್ಬಿಯ ಮುಚ್ಚಳ ಎಡಗೈಯಲ್ಲಿ ಒತ್ತಿ ಮುಚ್ಚಿ ಅಟ್ಟದ ಮೇಲಿಟ್ಟ, ಆಮೇಲೆ ಈ ಷೆಡ್ಡಿನಲ್ಲಿ ಯಾವ ನಟ್ಟಿಗೂ ಗೆರೆ ಬಿದ್ದಿಲ್ಲ. ಗಡ್ಡ ಕೆರೆಯುವಾಗ ಕನ್ನಡಿಯಲ್ಲಿ ನನ್ನನ್ನೇ ನೋಡುತ್ತಿದ್ದ, ದಿನ ಬಿಟ್ಟು ದಿನ, ಆರು ವರ್ಷ, ನಾನು ಏನೋ ಹೇಳಲಿ ಅಂತ ಕಾದಿರುವವನ ಹಾಗೆ, ನಾನು ಅಲ್ಲಾಡ್ಬೇಡಪ್ಪ ಅನ್ನುತ್ತಿದ್ದೆ.

ಬೂಟು ಬಂತು. ನಿಂತಿತು. ಈ ಸಲ ಮಂಡಿ ಬಗ್ಗಿತು, ಮುಖ ಕಾಣಲಿಲ್ಲ, ಕೈಯೊಂದು ಮಾತ್ರ ಒಳಗೆ ಬಂತು, ಹೊಸ ಬಣ್ಣದ ಡಬ್ಬಿ ನೆಲಕ್ಕೆ ಉಜ್ಜುತ್ತ ಒಳಗೆ ಸರಿಯಿತು, ಮೇಲೆ ಅಡ್ಡಲಾಗಿ ಕುಂಚ, ಸರಿಯಾಗಿ ನನ್ನ ಎಡಗೈಯ ಪಕ್ಕಕ್ಕೆ ಇಟ್ಟು ಕೈ ಹೊರಗೆ ಹೋಯಿತು. ಕುರ್ಚಿ ಕಿರ್ರೆಂದಿತು. ಗೆರೆ ಯಾರು ಹಾಕೋದು, ಅಪ್ಪ ಕೇಳುತ್ತಿದ್ದಾನೆ, ಆಸ್ಪತ್ರೆಯಲ್ಲಿ ಕೇಳಿದ ಅದೇ ದನಿ, ಸಿಟ್ಟಿಲ್ಲದ್ದು, ನನ್ನ ನಾಲಿಗೆಯ ತುದಿಗೆ ಅದೇ ಉತ್ತರ ಅಭ್ಯಾಸಬಲದಿಂದ ಬಂದು ನಿಂತಿದೆ, ಅವನು, ಅವನೇ ತಾನೆ ಗೆರೆಯವನು, ಬಂದು ಎಂಟೂ ಜಗ್ಗಿ ನೋಡಲಿ, ಬಿಗಿದವನು ಹಾಕಬಾರದು — ಅಣ್ಣನೇ ಹಾಕ್ಲಿ ಬಿಡಪ್ಪ, ಅಂದ ತಮ್ಮ, ಆರು ವರ್ಷದ ಮೇಲೆ ಅವನ ಬಾಯಲ್ಲಿ ಅಣ್ಣ ಎನ್ನುವ ಪದ, ಅಣ್ಣನ ಗೆರೆ ನಿನಗೆ ಗೊತ್ತಲ್ಲ. ಹೂಂ, ಅಂದ ಅಪ್ಪ, ನೋಡಿದೀನಿ. ನೋಡಿದ್ದಾನೆ. ಕುಕ್ಕರಗಾಲಲ್ಲಿ ಕೂತು ನೋಡಿದ್ದಾನೆ, ಅವನಿಗೆ ಗೊತ್ತಿತ್ತು, ಇವನಿಗೆ ಗೊತ್ತಿತ್ತು, ಇಬ್ಬರೂ ಗೊತ್ತಿದ್ದುಕೊಂಡೇ ನನ್ನನ್ನು ಇಷ್ಟು ವರ್ಷ ಮಾತಾಡಲು ಬಿಟ್ಟರು, ಥೂ ಇವರ, ಒಂದು ಸಲ ಕೆನ್ನೆಗೆ ಬಾರಿಸಿದ್ದರೆ ಏನಾಗುತ್ತಿತ್ತು — ಕುಂಚ ಎಡಗೈಗೆ ಬಂದಿದೆ, ತುದಿಯಿಂದ ಒಂದು ತೊಟ್ಟು ನನ್ನ ಕೆನ್ನೆಗೆ ಬಿತ್ತು, ನಟ್ಟು ಕಣ್ಣಿನಿಂದ ಗೇಣು ದೂರದಲ್ಲಿದೆ, ನಾನೇ, ನಾನೇ ಎಳೆದದ್ದು, ಈಗ ಇದರ ಮೇಲೆ ಎಳೆಯಬೇಕು, ಕೈ ಏಳುತ್ತಿಲ್ಲ, ಹೊಸ ನಟ್ಟಿನ ಮೇಲೆ ಏನೂ ಇಲ್ಲ, ಆದರೂ ಕಾಣುತ್ತಿದೆ, ಅದೇ, ಮುರಿಯದೆ, ಎಡಕ್ಕೆ ವಾಲಿದ ಹಳದಿ ಗೆರೆ