ಪಾಳೆಯಕ್ಕೆಲ್ಲ ಒಂದೇ ಪಾತ್ರೆ

ಎಪ್ಪತ್ತೊಂಬತ್ತನೆಯ ಇಸವಿ, ಈಸ್ಟರ್ ಹಬ್ಬದ ಹಿಂದಿನ ವಾರ. ಬಂಗಾರಪೇಟೆಯಿಂದ ರೈಲಿನಲ್ಲಿ ಬಂದಿದ್ದ ಪಾದ್ರಿ ಅಯ್ಯನವರು ಗಣಿ ಕೆಲಸಗಾರರ ಮನೆಸಾಲಾದ ನಮ್ಮ ಲೈನಿನ ಚರ್ಚಿನಲ್ಲಿ ಪಾಠ ಹೇಳುತ್ತಿದ್ದರು. 'ಮಹನೆ' ಎಂಬ ಹೀಬ್ರೂ ಪದಕ್ಕೆ ಪಾಳೆಯ ಎಂದರ್ಥ, ದಾರಿ ನಡೆದು ದಣಿದವರು ಗುಡಾರ ಹಾಕಿ ತಂಗುವ ಜಾಗ ಎಂದರು. "ಆ ಗುಡಾರಗಳ ನಡುವೆ ದೇವರೇ ಓಡಾಡುತ್ತಾನೆ. ಅದಕ್ಕೇ ಹೊಲಸು ಪಾಳೆಯದ ಹೊರಗಿರಬೇಕು."

ಸಭೆಯ ಹಿರಿಯ ದೇವಸಹಾಯಂ ಆ ಮಾತನ್ನು ಗಬಕ್ಕನೆ ಹಿಡಿದುಕೊಂಡ. "ಸರ್ಯಾಗೇಳಿದ್ರಿ ಅಯ್ಯನವ್ರೇ. ಅಂಗಾದ್ರೆ ಭಾನುವಾರ ಮಾರಿಯಮ್ಮಂಗೆ ಬ್ಯಾರೆ ಲೋಟದಾಗೆ ಕೊಟ್ಬುಡಾನ."

ಮಾರಿಯಮ್ಮ ನಮ್ಮ ಲೈನಿನ ಕಕ್ಕಸುಗಳನ್ನು ಬಳಿದು, ಬುಟ್ಟಿಯನ್ನು ತಲೆಯ ಮೇಲೆ ಹೊತ್ತು ಸಾಗಿಸುವವಳು. ಯೇಸುವಿನ ಕೊನೆಯ ಊಟದ ನೆನಪಿಗೆ ಎಲ್ಲರೂ ಕುಡಿಯುವ ಆ ಒಂದೇ ಬೆಳ್ಳಿ ಪಾತ್ರೆಯಿಂದ ಪ್ರಭುಭೋಜನದ ದ್ರಾಕ್ಷಾರಸ ಕುಡಿಯಬೇಕೆಂದು ವರ್ಷವಿಡೀ ಪಾಠ ಕಲಿತಿದ್ದಳು. ಬರುವ ಭಾನುವಾರ ಮೊದಲ ಸಲ ಕುಡಿಯುವವಳಿದ್ದಳು. ಬಾಗಿಲ ಬಳಿ ನೆಲದ ಮೇಲೆ ಕೂತಿದ್ದವಳಿಗೆ ಎಲ್ಲವೂ ಕೇಳಿಸಿತು.

ನನಗೆ ಮೈಯೆಲ್ಲ ಉರಿಯಿತು. ಇವನ ಮನೆಯ ಏಳು ಜನರ ಹೇಲನ್ನು ಅವಳು ದಿನಾ ಹೊರುತ್ತಾಳೆ. ಹೊರಿಸಿದವನು ಮಡಿ, ಹೊತ್ತವಳು ಹೊಲಸು! ಥೂ, ಇವನ ಬಾಯಿಗೆ ಮಣ್ಣು ಹಾಕ.

"ಅದರ ಹಿಂದಿನ ವಚನವನ್ನೂ ಓದಿ" ಎಂದು ಎದ್ದು ನಿಂತೆ. "ಆ ಪಾಳೆಯದಲ್ಲಿ ಪ್ರತಿಯೊಬ್ಬನೂ ಸಲಿಕೆ ಹಿಡಿದು ಹೊರಗೆ ಹೋಗಿ, ತನ್ನದನ್ನು ತಾನೇ ಮುಚ್ಚಿ ಬರಬೇಕಿತ್ತು. ಇನ್ನೊಬ್ಬರ ತಲೆ ಮೇಲೆ ಹೊರಿಸಿ ಅಂತ ಎಲ್ಲಿದೆ? ನೀವು ಯಾವತ್ತಾದರೂ ಸಲಿಕೆ ಮುಟ್ಟಿದ್ದೀರಾ?"

ದೇವಸಹಾಯಂ ಮುಖ ಹುಳ್ಳಗೆ ಮಾಡಿಕೊಂಡು ಕೂತ. ಅಯ್ಯನವರು ಎಲ್ಲರಿಗೂ ಒಂದೇ ಪಾತ್ರೆ ಎಂದುಬಿಟ್ಟರು.

"ಅನಸೂಯಮ್ಮಾವ್ರೇ, ಅಂಗಾದ್ರೆ ಭಾನುವಾರ ನಾನು ನಿಮ್ ಪಕ್ಕದಾಗೇ ಮಂಡಿ ಊರ್ತೀನಿ" ಎಂದಳು ಮಾರಿಯಮ್ಮ. ನಾನು ಬೀಗಿಹೋದೆ. ಮನೆಗೆ ಹೋಗಿ ಗಂಡನಿಗೆ ಎರಡೆರಡು ಸಲ ಹೇಳಿದೆ.

ಭಾನುವಾರ ಅವಳು ಒಗೆದ ನೀಲಿ ಸೀರೆ ಉಟ್ಟು, ಸೋಪಿನ ವಾಸನೆ ಘಮ್ಮೆನ್ನುವಂತೆ ಬಂದಳು. ನನ್ನ ಪಕ್ಕ ಮಂಡಿಯೂರಿ, ಕಣ್ಣು ಮುಚ್ಚಿ ಕುಡಿದಳು. ಅಯ್ಯನವರು ಪಾತ್ರೆಯ ಅಂಚನ್ನು ಬಿಳಿ ಬಟ್ಟೆಯಿಂದ ಒರೆಸಿ ನನ್ನ ಬಾಯಿಗೆ ಹಿಡಿದರು.

ಮಳೆಗಾಲದಲ್ಲಿ ಆ ಬುಟ್ಟಿಯಿಂದ ಅವಳ ಕೆನ್ನೆಗೆ, ತುಟಿಗೆ ಸೋರುತ್ತಿದ್ದ ನೀರು ಕಣ್ಣಿಗೆ ಕಟ್ಟಿತು. ಅದರಲ್ಲಿ ನಮ್ಮ ಮನೆಯದೂ ಇತ್ತು. ತುಟಿ ಬಿಗಿಹಿಡಿದು ಕುಡಿದಂತೆ ನಟಿಸಿದೆ, ಸೆರಗಿನಿಂದ ಬಾಯಿ ಒರೆಸಿಕೊಂಡೆ. ತಿರುಗಿದರೆ ಮಾರಿಯಮ್ಮ ನನ್ನನ್ನೇ ನೋಡುತ್ತಿದ್ದಳು.

ಆರಾಧನೆ ಮುಗಿದ ಮೇಲೆ ಹೊರಗೆ ಬಂದು, ನಮ್ಮ ಹಿತ್ತಲಲ್ಲಿ ನಿಲ್ಲುವ ಹಾಗೆಯೇ ಮಾರು ದೂರದಲ್ಲಿ ನಿಂತಳು. ನನಗೆ ನನ್ನ ಮೇಲೇ ವಾಂತಿ ಬರುವಷ್ಟು ಹೇಸಿಗೆಯಾಗಿತ್ತು.

ಅವಳೇ ಹೇಳಿದಳು. "ಅಮ್ಮಾವ್ರೇ, ಆ ದೇವಸಹಾಯಂ ಅವ್ರು ಬ್ಯಾರೆ ಲೋಟ ಅಂದಾಗ ನಂಗೆ ಇಷ್ಟು ನೋವಾಗಿರ್ನಿಲ್ಲ. ಅವ್ರು ಎದುರ್ಗೇ ಅಂದ್ರು."