ಶೇಟನ ‘ನಾನು’

ಕೌಸಲ್ಯಾಬಾಯಿ ಎಲ್ಲರ ಮುಂದೆ ಮಚ್ಛೇಂದ್ರನನ್ನು ನಾಯಿ ಅಂದಳು.

ಬಾಯಿಂದಲ್ಲ. ಆಕೆಗೆ ಹುಟ್ಟಿನಿಂದಲೇ ಕಿವಿಯಿಲ್ಲ, ಮಾತಿಲ್ಲ. ಎಡಗೈ ಬೆರಳಿನಿಂದ ಅವನನ್ನು ತೋರಿಸಿದಳು. ಅಂಗೈಯನ್ನೇ ತಟ್ಟೆ ಮಾಡಿ, ನಾಲಿಗೆ ಚಾಚಿ ನೆಕ್ಕಿದಂತೆ ಮಾಡಿದಳು.

“ಏನಂದ್ಳೋ ಇಕಿ? ಜಲ್ದಿ ಹೇಳು,” ಎಂದ ಅಪಘಾತದ ವಿಚಾರಣೆಗೆ ಬಂದ ಸರ್ಕಾರಿ ಸಾಹೇಬ.

ಗಾಂಧಿ ಗಂಜ್ ಮಾರುಕಟ್ಟೆಯ ಬೇಳೆ ಮಿಲ್ಲಿನ ಅಂಗಳ. ಸುತ್ತ ಹಮಾಲರು, ಬೇಳೆ ಹಸನು ಮಾಡುವ ಹೆಂಗಸರು. ಕೌಸಲ್ಯಾಬಾಯಿಯ ಬಲಗೈ ಬೆರಳುಗಳು ಇದೇ ಮಿಲ್ಲಿನ ಯಂತ್ರ ತಿರುಗಿಸುವ ಪಟ್ಟಾಕ್ಕೆ ಸಿಕ್ಕು ಹೋಗಿದ್ದವು. ಕಿವುಡರಿಗೆ ಕೈಯೇ ಬಾಯಿ. ಅರ್ಧ ಬಾಯನ್ನು ಮಿಲ್ಲು ತಿಂದಿತ್ತು.

ಆಕೆ ಮಚ್ಛೇಂದ್ರನ ಮೌಸಿ, ಅವ್ವನ ತಂಗಿ. ಬರದಲ್ಲಿ ಡಾಬಕಾ ಊರೇ ಖಾಲಿಯಾಗಿ ಅಪ್ಪ ಅವ್ವ ಕಬ್ಬು ಕಡಿಯಲು ಹೋದಾಗ ಅವನನ್ನು ಬೆಳೆಸಿದವಳು. ಈಗ ಮತ್ತೆ ಬರ ಬಿದ್ದು, ಅವಳೂ ಔರಾದ ದಾಟಿ ಈ ಗಂಜ್‌ಗೆ ಕೆಲಸಕ್ಕೆ ಬಂದಿದ್ದಳು. ಅವಳ ಕೈ ನೋಡಿ ಕಲಿತವನು ನೌಬಾದದಲ್ಲಿ ಸನ್ನೆ ಭಾಷೆಯ ದುಭಾಷಿಯಾಗಲು ಓದುತ್ತಿದ್ದ. ಇವತ್ತಿನ ಈ ವಿಚಾರಣೆಯಲ್ಲಿ ದುಭಾಷಿಯಾಗುವುದೇ ಅವನ ಕೊನೆಯ ಪರೀಕ್ಷೆ. ಪಾಸಾದರೆ ಭಾಲ್ಕಿಯಲ್ಲಿ ನೌಕರಿ.

“ದುಭಾಷಿಗೆ ಸ್ವಂತ ಮಾತು ಇರಂಗಿಲ್ಲ,” ಎಂದು, ಈಗ ಪರೀಕ್ಷಕರಾಗಿ ಪಕ್ಕದಲ್ಲೇ ನಿಂತಿದ್ದ ಭಾಲಚಂದ್ರ ಸರ್ ಕಲಿಸಿದ್ದರು. “ಅವರು ‘ನಾನು’ ಅಂದ್ರ ನೀನೂ ‘ನಾನು’ ಅನಬೇಕು. ‘ಅವರು ಹಿಂಗ ಅಂತಾರ’ ಅಂದಿ, ಫೇಲು.”

ಸ್ವಲ್ಪ ಮೊದಲು ಮಿಲ್ಲಿನ ಮಾಲೀಕ ಶೇಟ್ ಹೇಳಿದ್ದ: “ಮಷಿನಿಗಿ ಕೈ ಹಚ್ಚಬ್ಯಾಡ ಅಂತ ನಾನು ಹತ್ತು ಸಲ ಹೇಳೀನ್ರಿ. ಇಕಿನೇ ಕೇಳಲಿಲ್ಲ.”

“ಕಿವುಡಿ ಹ್ಯಾಂಗ ಕೇಳ್ತಾಳ್ರಿ ಶೇಟ್ಜಿ?” ಎಂದಿದ್ದ ಹಮಾಲ ಚಾಂದ ಪಾಶಾ. ಹಮಾಲರು ನಕ್ಕಿದ್ದರು.

ಶೇಟನ ಮಾತನ್ನು ಸನ್ನೆಯಲ್ಲಿ ಹೇಳಲು ಮಚ್ಛೇಂದ್ರ ತನ್ನ ಎದೆ ಮುಟ್ಟಿಕೊಂಡಿದ್ದ. ನಾನು. ನಾನು ಹೇಳಿದ್ದೆ. ನೀನು ಕೇಳಲಿಲ್ಲ.

ತರಗತಿಯ ಕಾನೂನು ಮೌಸಿಗೆ ಏನು ಗೊತ್ತು? ತಾನು ಬೆಳೆಸಿದ ಹುಡುಗ ಎದೆ ಮುಟ್ಟಿಕೊಂಡು ಸುಳ್ಳು ಹೇಳುತ್ತಿದ್ದಾನೆ. ಅವಳಿಗೆ ಕಂಡದ್ದು ಅಷ್ಟೇ. ಅದಕ್ಕೇ ನಾಯಿ.

“ಹೇಳು,” ಭಾಲಚಂದ್ರ ಸರ್ ಗದರಿದರು.

ಅವನು ಹೇಳಿದ: “ನೀ ತಟ್ಟಿ ನೆಕ್ಕೋ ನಾಯಿ.”

ಶೇಟ್ ಎದ್ದು ನಿಂತ. “ನೋಡ್ರಿ ಸಾಹೇಬ್ರ, ಕೂಳು ಹಾಕಿದವನಿಗೇ ನಾಯಿ ಅಂತಾಳ.”

“ಬಾಯಿ ಇಲ್ದ ಇಷ್ಟು. ಇದ್ದಿದ್ರ ಗಂಜೇ ಸುಡ್ತಿದ್ಳು,” ಎಂದು ಸಾಹೇಬ ಕಡತ ಮುಚ್ಚತೊಡಗಿದ.

“ಅದು ನನಗ ಅಂದದ್ರಿ,” ಮಚ್ಛೇಂದ್ರ ಮುಂದೆ ಬಂದ.

“ನಿನ್ನ ಮಾತು ಬ್ಯಾಡ,” ಎಂದರು ಸರ್.

“ಕೈ ಸಿಗಬಾರದಂತ ಪಟ್ಟಾಕ್ಕ ಹಾಕಿದ್ದ ಜಾಳಿ ಯಾರು ಬಿಚ್ಚಿಸಿದ್ರು ಕೇಳ್ರಿ. ಕೆಲಸ ತಡ ಆಗ್ತದಂತ ಶೇಟೇ ಬಿಚ್ಚಿಸ್ಯಾರ. ಮೌಸಿ ನನಗ ಹೇಳ್ಯಾಳ.”

ಸಾಹೇಬನ ಮುಖ ಅರಳಿತು. “ಮೌಸಿ? ಸಂಬಂಧಿಕ ದುಭಾಷಿ ಆಗಂಗಿಲ್ಲ. ಇಕಿ ಕಡಿಂದ ನೀ ಹೇಳಿದ್ದೆಲ್ಲ ರದ್ದು.”

“ಶೇಟ್ ಹೇಳಿದ್ದೂ ರದ್ದೇನ್ರಿ?”

“ಅವರು ಕನ್ನಡದಾಗ ಹೇಳ್ಯಾರ. ಅದು ಇರ್ತದ.”

“ಜಾಳಿ ಬಿಚ್ಚಿದ್ದು ನಾನೂ ನೋಡೀನ್ರಿ,” ಹೆಂಗಸರ ನಡುವಿನಿಂದ ಆಬೇದಾ ಅಂದಳು.

“ನಾಳಿ ಕೆಲಸ ಬೇಕೋ ಬ್ಯಾಡೋ ನಿನಗ?” ಎಂದ ಶೇಟ್.

ಆಬೇದಾ ಸೆರಗು ಕಚ್ಚಿ ನಿಂತಳು. ಹಿಂದೆ ಸರಿಯಲಿಲ್ಲ. ಸಾಹೇಬನ ಜೀಪು ಮಾತ್ರ ನಿಲ್ಲಲಿಲ್ಲ.

ಗೇಟಿನ ಹತ್ತಿರ ಭಾಲಚಂದ್ರ ಸರ್ ಅವನ ಹೆಗಲ ಮೇಲೆ ಕೈ ಇಟ್ಟರು. “ಹುಚ್ಚ ಇದ್ದಿ ನೀ. ಭಾಲ್ಕಿ ನೌಕರಿ ಕಳಕೋಬ್ಯಾಡ. ನಾಳಿ ಬಂದು ಶೇಟ್ಜಿಗಿ ತಪ್ಪಾಯ್ತು ಅನ್ನು, ಪಾಸ್ ಮಾಡ್ತೇನಿ. ಏನಂತಿ?”

ಲಾರಿಗಳ ಆಚೆ ಮೌಸಿ ಅವನಿಗೆ ಬೆನ್ನು ಹಾಕಿ ಕುಳಿತಿದ್ದಳು. ಕಿವುಡರು ಮುಖ ತಿರುಗಿಸಿದರೆ ಮುಗಿಯಿತು, ಎಷ್ಟು ಕೂಗಿದರೂ ಕೇಳುವುದಿಲ್ಲ. ಸುತ್ತಿ ಹೋಗಿ ಎದುರು ನಿಲ್ಲಬೇಕು. ನಿಂತರೂ ಅವಳು ಕಣ್ಣು ಮುಚ್ಚಿಕೊಳ್ಳಬಹುದು.

“ಏನಂತಿ, ಮಚ್ಛೇಂದ್ರ?”

ಅವನು ಹೆಗಲ ಮೇಲಿನ ಕೈಯನ್ನು ಸರಿಸಿದ. ಲಾರಿಗಳನ್ನು ಸುತ್ತುಹಾಕಿ ಮೌಸಿಯ ಎದುರಿಗೆ ನಡೆದ.