ಭಾವನ ಡಯಲ್ ಗೇಜ್

ನಮ್ಮ ಭಾವನ ಬಾಯಿಂದ ‘ಸುಮಾರು’ ಎಂಬ ಮಾತು ಹೊರಬಿದ್ದುದನ್ನು ಕೇಳಿದವರಿಲ್ಲ. ಚಹಾಕ್ಕೆ ಸಕ್ಕರೆ ಸಾಕೇ ಎಂದರೆ “ಸಾಕು ಅಂದ್ರೆ ಎಷ್ಟು?” ಎನ್ನುವರು; ಜ್ವರ ಸ್ವಲ್ಪ ಇಳಿದಿದೆ ಎಂದರೆ ಆ ‘ಸ್ವಲ್ಪ’ವನ್ನು ಒಪ್ಪದೆ ಥರ್ಮಾಮೀಟರು ಹುಡುಕಲು ಏಳುವರು. ಹೆಜ್ಜೆಯನ್ನು ಮೊದಲು ಊರಿ, ನೆಲ ಒಪ್ಪಿಕೊಂಡಿತೆಂದು ಖಾತ್ರಿಯಾದ ಮೇಲೆ ಮೈಭಾರ ಬಿಡುವಂಥ ನಡಿಗೆ ಅವರದು. ನೆಂಟರ ಮನೆಯಲ್ಲಿ ಮೇಜು ಅಲುಗಾಡಿದರೆ ಕುಶಲಪ್ರಶ್ನೆಗೂ ಮುಂಚೆ ಕಾಗದ ಮಡಚಿ ಅದರ ಕಾಲಡಿಗೆ ತುರುಕುವರು, ಆಮೇಲೆಯೇ “ಹ್ಞಾ, ಎಲ್ಲಾ ಆರಾಮಾ?” ನಿವೃತ್ತರಾಗಿ ವರ್ಷಗಳು ಕಳೆದರೂ ಕಾರ್ಖಾನೆಯ ಬೂದುಬಣ್ಣದ ಉದ್ದನೆಯ ಕೋಟು ಅವರ ಮೈ ಬಿಟ್ಟಿರಲಿಲ್ಲ. ಅದರ ಜೇಬಿನಲ್ಲಿ ಸದಾ ಒಗೆದ ಬಟ್ಟೆಯ ತುಂಡೊಂದು ಇರುತ್ತಿತ್ತು. ಯಾವ ವಸ್ತುವನ್ನೇ ಆಗಲಿ ಒರೆಸದೆ ಅವರು ಕೈಗೆತ್ತಿಕೊಂಡವರಲ್ಲ.

ವಾಲ್ವು ತಯಾರಿಸುವ ಕಾರ್ಖಾನೆಯಲ್ಲಿ ಅವರದು ತಪಾಸಣೆಯ ಕೆಲಸ. ಉದ್ದನೆಯ ಶೆಡ್ಡಿನ ಕೊನೆಗೆ ಗಾಜಿನ ಕೋಣೆ, ಅದರೊಳಗೆ ಬಿಡಿಭಾಗಗಳನ್ನಿಟ್ಟು ಅಳೆಯುವ, ಕನ್ನಡಿಯಂತೆ ಸಪಾಟಾದ ಕಪ್ಪು ಕಲ್ಲು, ಕಲ್ಲಿನ ಹಿಂದೆ ಭಾವ. ಇತರರು ಕಡೆದು ಕೊರೆದು ತಂದ ಬಿಡಿಭಾಗಗಳು ಟ್ರೇಗಳಲ್ಲಿ ಬಂದು ಅವರೆದುರು ನಿಲ್ಲುತ್ತಿದ್ದವು. ಲೋಪವಿದ್ದ ಒಂದೊಂದರ ಮೇಲೂ ಅವರು ಕೆಂಪು ಬಣ್ಣದ ಚುಕ್ಕೆಯಿಟ್ಟು ಹಿಂದಕ್ಕೆ ಕಳಿಸುತ್ತಿದ್ದರು. ‘ಕೆಂಪು ಸಾಹೇಬ್ರು’ ಎಂಬ ಅಡ್ಡಹೆಸರು ಅಲ್ಲಿಯೇ ಹುಟ್ಟಿತು. ಅದನ್ನು ಅವರು ಬಿರುದೆಂದೇ ಭಾವಿಸಿದ್ದರು. ಆದರೆ ಆಯುಷ್ಯವೆಲ್ಲ ಲೋಹದ ನಡುವೆ ಕಳೆದ ಆ ಮನುಷ್ಯ ಒಂದು ಮೊಳೆಯನ್ನೂ ಸ್ವಂತ ಕೈಯಿಂದ ಮಾಡಿದವರಲ್ಲ ಎಂಬ ವಿಚಿತ್ರ ನನಗೆ ಹೊಳೆದದ್ದು ಬಹಳ ತಡವಾಗಿ.

ನನ್ನಕ್ಕನ ಎಡಗಾಲು ಬಾಲ್ಯದಲ್ಲೇ ಪೋಲಿಯೋಗೆ ಸಿಕ್ಕಿ ಸೊರಗಿತ್ತು. ತೊಡೆಯಿಂದ ಪಾದದವರೆಗೆ ಉಕ್ಕಿನ ಪಟ್ಟಿಗಳ ಕ್ಯಾಲಿಪರ್ ಕಟ್ಟಿಕೊಂಡೇ ಅವಳು ಸಂಸಾರ ತೂಗಿಸಿದಳು. ಮಂಡಿಯ ಬಳಿ ಅದಕ್ಕೊಂದು ಕೀಲು: ಎದ್ದು ನಿಂತಾಗ ಚಿಲಕ ಬಿದ್ದು ಕಾಲು ಬಿಗಿಯಾಗಬೇಕು, ಕೂರುವಾಗ ಬಿಚ್ಚಬೇಕು. ಆ ಕೀಲು ಸವೆದು ಚಿಲಕ ಜಾರತೊಡಗಿತು. ಮಾಡಿಕೊಟ್ಟ ಕುಶಲಕರ್ಮಿ ತೀರಿಹೋಗಿದ್ದ. ಆಸ್ಪತ್ರೆಯಲ್ಲಿ ಕೊಟ್ಟ ಹೊಸ ಕ್ಯಾಲಿಪರ್ ತೊಡೆಯನ್ನು ಕೊರೆದು ಹುಣ್ಣು ಮಾಡಿತು. ಅಕ್ಕ ಅದನ್ನು ಗೋಡೆಗೆ ನೇತುಹಾಕಿ ಹಳೆಯದಕ್ಕೇ ಮರಳಿದಳು.

“ಕೀಲು ನಾನೇ ಮಾಡ್ತೀನಿ,” ಎಂದರು ಭಾವ.

ಮುಚ್ಚಿಹೋದ ವರ್ಕ್‌ಶಾಪೊಂದರಿಂದ ಹಳೆಯ ಪುಟ್ಟ ಮಿಲ್ಲಿಂಗ್ ಮಷಿನ್ ಬಂದು ಹಿತ್ತಿಲ ಕೋಣೆಯಲ್ಲಿ ಕೂತಿತು. ಲೋಹ ಕೊರೆಯುವ ಹಲ್ಲಿನ ಕಟರ್ ಹಿಡಿದಿರುವ ಅದರ ತಲೆ, ಕೆಳಗಿನ ಟೇಬಲ್ಲಿಗೆ ನೆಟ್ಟಗೆ ನಿಂತಿರಬೇಕು. ವಾಲಿದರೆ ಕೊರೆದದ್ದೆಲ್ಲ ಓರೆ. ಅದನ್ನು ಪರೀಕ್ಷಿಸಲು ತಲೆಗೆ ಡಯಲ್ ಗೇಜೊಂದನ್ನು ತಗುಲಿಸಿ ಕೈಯಿಂದ ಸುತ್ತು ತಿರುಗಿಸುತ್ತಾರೆ. ಗೇಜಿನ ಮೊನೆ ಟೇಬಲ್ಲಿನ ಎಡಬಲಗಳನ್ನು ಸವರುವಾಗ ಗಡಿಯಾರದಂಥ ಮುಖದ ಮೇಲಿನ ಮುಳ್ಳು ಎರಡೂ ಕಡೆ ಒಂದೇ ಗೆರೆಯ ಮೇಲೆ ನಿಂತರೆ ಮಷಿನ್ ಸರಿಯಿದೆ ಎಂದರ್ಥ.

ಆ ಗೇಜು ಕೊಳ್ಳಲು ಹೋದಾಗ ಭಾವ ನನ್ನನ್ನೂ ಕರೆದೊಯ್ದರು. ಅಂಗಡಿಯವನು ಒಂದನ್ನು ಗಾಜಿನ ಮೇಲಿಟ್ಟ. “ಮಿಲಿಮೀಟರಿನ ನೂರನೇ ಭಾಗ ತೋರಿಸುತ್ತೆ ಸರ್. ಮನೆ ಮಷಿನ್ನಿಗೆ ಧಾರಾಳ ಆಯ್ತು.”

“ಇದಕ್ಕಿಂತ ಸೂಕ್ಷ್ಮದ್ದು?”

ಅವನು ಒಲ್ಲದ ಮನಸ್ಸಿನಿಂದ ಒಳಗಿನಿಂದ ಇನ್ನೊಂದು ಪೆಟ್ಟಿಗೆ ತಂದ. “ಇದು ಅದರ ಐದರಲ್ಲಿ ಒಂದು ಪಾಲನ್ನೂ ತೋರಿಸುತ್ತೆ. ಆದ್ರೆ ಬೇಡ ಸರ್. ಹಳೇ ಮಷಿನ್ ಅಂತೀರಿ, ಇದು ಹೇಳೋದನ್ನೆಲ್ಲ ಅದು ತಡ್ಕೊಳ್ಳಲ್ಲ.”

“ತಡ್ಕೊಳ್ಳೋದು ಮಷಿನ್ನಿನ ಪಾಡು,” ಎಂದ ಭಾವ, ಜೇಬಿನ ಬಟ್ಟೆ ತೆಗೆದು ಆ ಎರಡನೇ ಗೇಜನ್ನೇ ಒರೆಸತೊಡಗಿದರು.

ಅಂಗಡಿಯವನ ಮಾತೇ ನಿಜವಾಯಿತು. ಆ ಮುಳ್ಳಿಗೆ ಶಾಂತಿ ಎಂಬುದೇ ಇರಲಿಲ್ಲ. ಬೀದಿಯಲ್ಲಿ ಲಾರಿ ಹೋದರೆ ನಡುಗುವುದು, ಟೇಬಲ್ಲಿಗೆ ಮೊಣಕೈ ಊರಿದರೆ ಜಿಗಿಯುವುದು. ಎಲ್ಲ ಸರಿಹೋಯಿತೆಂದು ಬೋಲ್ಟು ಬಿಗಿದರೆ ಆ ಬಿಗಿತಕ್ಕೇ ಮಷಿನ್ನಿನ ತಲೆ ಕೂದಲೆಳೆಯಷ್ಟು ಸರಿದು ಮತ್ತೆ ಮೊದಲಿನಿಂದ ಆರಂಭ. ಭಾವ ಉಸಿರು ಬಿಗಿಹಿಡಿದು, ಕತ್ತು ಚಾಚಿ, ಆ ಪುಟ್ಟ ಮುಖವನ್ನೇ ದಿಟ್ಟಿಸುತ್ತ ತಿಂಗಳುಗಟ್ಟಲೆ ನಿಂತರು. ಕೀಲಿಗೆಂದು ತಂದ ಉಕ್ಕಿನ ತುಂಡು ಎಣ್ಣೆಕಾಗದದೊಳಗೇ ಮಲಗಿತ್ತು.

ಅಕ್ಕ ಅಡುಗೆಮನೆಯಿಂದಲೇ ಕೂಗುವಳು: “ರೀ, ನಿಮ್ಮ ಮುಳ್ಳು ನಿಲ್ಲೋ ಹೊತ್ತಿಗೆ ನಾನು ನಿಲ್ಲೋದನ್ನೇ ಮರೆತಿರ್ತೀನಿ.” ನಗುತ್ತಲೇ ಅನ್ನುವಳು. ಒಮ್ಮೆ ಮಾತ್ರ ನಗದೆ ನನ್ನ ಕೈ ಹಿಡಿದು, “ನೀನಾದ್ರೂ ಹೇಳೋ. ಒರಟಾಗಿದ್ರೂ ಪರವಾಗಿಲ್ಲ, ಒಂದು ಮಾಡಿಕೊಡ್ಲಿ,” ಎಂದಳು. ನಾನು ಹೇಳಿದೆ. ಭಾವ ಗೇಜಿನಿಂದ ಕಣ್ಣು ಕೀಳಲಿಲ್ಲ.

“ತಲೆ ಓರೆ ಇದ್ರೆ ಕೀಲು ಓರೆ. ಕೀಲು ಓರೆಯಾದ್ರೆ ಬೀಳೋದು ನಾನಲ್ಲಯ್ಯ, ಅವಳು.”

ಅವರ ದನಿಯಲ್ಲಿ ಆ ದಿನ ಭಯ ಕೇಳಿಸಿತು. ಇಷ್ಟು ವರ್ಷ ಪರರ ಕೆಲಸಕ್ಕೆ ಚುಕ್ಕೆಯಿಟ್ಟ ಕೈ, ತಾನು ಮಾಡಿದ್ದನ್ನು ಆ ಕಪ್ಪು ಕಲ್ಲಿನ ಮೇಲೆ ಇಡಬೇಕಾದ ಗಳಿಗೆಯನ್ನು ನೆನೆದು ಹಿಂಜರಿಯುತ್ತಿತ್ತು.

ಒಣಗಿದ ಬಟ್ಟೆಗಳನ್ನು ತೋಳಿನ ಮೇಲೆ ಹೊತ್ತು ಅಕ್ಕ ಅಂಗಳದಿಂದ ಬರುತ್ತಿದ್ದಾಗ ಹಳೆಯ ಚಿಲಕ ಜಾರಿತು. ಬಿದ್ದದ್ದು ಹೊಸ್ತಿಲ ಅಂಚಿನ ಮೇಲೆ. ಸೊಂಟದ ಮೂಳೆ ಮುರಿಯಿತು. ಭಾವ ಆಗ ಹಿತ್ತಿಲ ಕೋಣೆಯಲ್ಲಿ ಗೇಜಿನ ಮುಂದೆ ನಿಂತಿದ್ದರು. ಆಸ್ಪತ್ರೆಯ ಬೆಂಚಿನ ಮೇಲೆ ನನ್ನ ಪಕ್ಕ ಕೂತು, ಎದುರಿನ ಗೋಡೆಗೆ ಹೇಳುವಂತೆ ಹೇಳಿದರು:

“ಅವಳು ಬಿದ್ದದ್ದಕ್ಕೂ ಮುಳ್ಳು ಅಲ್ಲಾಡ್ತು. ಲಾರಿ ಅಂದ್ಕೊಂಡೆ.”

ಶಸ್ತ್ರಚಿಕಿತ್ಸೆಯಾಯಿತು. ಮತ್ತೆ ನಡೆಯುವುದು ಅನುಮಾನ ಎಂದರು ವೈದ್ಯರು. ಎಷ್ಟು ಅನುಮಾನ ಎಂದು ಭಾವ ಕೇಳಲಿಲ್ಲ.

ಮರುವಾರ ಅವರು ಒಬ್ಬರೇ ಹೋಗಿ ಮೊದಲು ತಾವು ಬೇಡವೆಂದಿದ್ದ ನೂರನೇ ಭಾಗದ ಗೇಜನ್ನೇ ತಂದರು. ಅದರ ಮುಳ್ಳು ಸಣ್ಣಪುಟ್ಟ ನಡುಕಗಳಿಗೆ ಕಿವಿಗೊಡುವಂಥದ್ದಲ್ಲ. ಒಂದೇ ಮಧ್ಯಾಹ್ನದಲ್ಲಿ ಮಷಿನ್ನಿನ ತಲೆ ನೆಟ್ಟಗಾಯಿತು. ಮೊದಲ ಕೀಲು ಕೆಟ್ಟಿತು. ಎರಡನೆಯದು ಆಯಿತು. ಅಂಚುಗಳನ್ನು ಅರದಿಂದ ಉಜ್ಜಿ, ಒರೆಸಿ, ಮಂಚದ ಬಳಿ ತಂದು ಅಕ್ಕನ ಅಂಗೈ ಮೇಲಿಟ್ಟರು. ಅವಳು ಅದನ್ನು ಮಡಚಿದಳು, ಬಿಡಿಸಿದಳು. ಚಿಲಕ ಟಕ್ಕೆಂದು ಬಿದ್ದು ಗಟ್ಟಿಯಾಗಿ ಕೂತಿತು.

“ಒಂದು ಕಡೆ ಬಿಗಿ ಇದೆ,” ಎಂದರು ಭಾವ, ತಲೆ ತಗ್ಗಿಸಿ.

“ನಂಗೆ ಗೊತ್ತಾಗ್ತಿಲ್ಲ ರೀ,” ಎಂದಳು ಅಕ್ಕ. ಆಮೇಲೆ, ಮೆಲ್ಲಗೆ, “ಇಷ್ಟೇ ಆಗಿತ್ತಲ್ಲ ನಂಗೆ ಬೇಕಾಗಿದ್ದು,” ಎಂದಳು. ಅದರಲ್ಲಿ ಚುಚ್ಚುವ ಉದ್ದೇಶ ಲವಲೇಶವೂ ಇರಲಿಲ್ಲ. ಆದ್ದರಿಂದಲೇ ಭಾವ ಅಲ್ಲಿ ನಿಲ್ಲಲಾರದೆ ಎದ್ದು ಹೊರಗೆ ಹೋದರು.

ಮೂಳೆ ಕೂಡಲಿಲ್ಲ. ಅಕ್ಕ ಆ ಕೀಲಿನ ಮೇಲೆ ಒಮ್ಮೆಯೂ ನಿಲ್ಲಲಿಲ್ಲ. ಮಲಗಿದಲ್ಲೇ ಎದೆಯಲ್ಲಿ ಕಫ ಕಟ್ಟಿ ಮುಂದಿನ ಚಳಿಗಾಲದಲ್ಲಿ ಹೋದಳು. ಆ ತಿಂಗಳುಗಳಲ್ಲೆಲ್ಲ ಅವಳನ್ನು ಎತ್ತಿ ಕೂರಿಸಿದ್ದು, ಮೈ ಒರೆಸಿದ್ದು, ತುತ್ತು ತಿನಿಸಿದ್ದು ಭಾವನೇ. ಅವಳಾಗಲಿ ಅವರಾಗಲಿ ಬಿದ್ದ ಆ ದಿನದ ಮಾತೆತ್ತಿದ್ದನ್ನು ನಾನು ಕೇಳಲಿಲ್ಲ. ನಾವ್ಯಾರೂ ಅವರನ್ನು ದೂರಲಿಲ್ಲ. ದೂರಿದ್ದರೆ ಅವರಿಗೆ ಹಗುರವಾಗುತ್ತಿತ್ತೋ ಏನೋ.

ಲೋಪ ಹುಡುಕುವುದನ್ನೇ ಬಾಳಿನ ವೃತ್ತಿಯಾಗಿಸಿಕೊಂಡವರನ್ನು ಜನ ಕಠಿಣ ಹೃದಯದವರೆಂದು ತಿಳಿಯುತ್ತಾರೆ, ಅದು ತಪ್ಪು. ಅವರ ಒಲವು ನಮ್ಮ ನಿಮ್ಮದಕ್ಕಿಂತ ಎಳ್ಳಷ್ಟೂ ಕಡಿಮೆಯದಲ್ಲ. ಆದರೆ ಕುಂದಿರುವ ಯಾವುದನ್ನೂ ಪ್ರೀತಿಪಾತ್ರರ ಕೈಗಿಡಲು ಅವರಿಗೆ ಮನಸ್ಸು ಬಾರದು. ಕುಂದನ್ನು ತಿದ್ದುತ್ತ ತಿದ್ದುತ್ತ ಅವರು ಒಳಕೋಣೆಯಲ್ಲಿ ನಿಂತಿರುವಷ್ಟು ಹೊತ್ತೂ ಹೊರಗೆ ಕಾಯುತ್ತಿರುವ ಜೀವ, ಕುಂದಿದ್ದರೂ ಎರಡು ಕೈ ಚಾಚಿ ತೆಗೆದುಕೊಳ್ಳಲು ಸಿದ್ಧವಾಗಿಯೇ ಇರುತ್ತದೆ. ಇದು ಅವರಿಗೆ ತಿಳಿಯದೆ ಹೋಗುವುದಿಲ್ಲ. ತಿಳಿಯುವ ಹೊತ್ತಿಗೆ, ಅನೇಕ ಸಲ, ಚಾಚಿದ ಕೈ ಇರುವುದಿಲ್ಲ.